ಪಚ್ಚೆ ಮಸಿಯ ಪರೀಕ್ಷೆ

ಈ ವಾರ್ಷಿಕವನ್ನು ಓದುವವರಲ್ಲಿ ಬಹುಮಂದಿ ಕಾಸರಗೋಡು, ಮಂಜೇಶ್ವರದ ಕಡೆಯವರು. ನಾನು ಕೃಷ್ಣಾ ನದಿಯ ದಂಡೆಯವನು. ನಿಮ್ಮದು ಕೇರಳದೊಳಗಿನ ಕನ್ನಡ, ನಮ್ಮದು ತೆಲಂಗಾಣದೊಳಗಿನ ಕನ್ನಡ. ನಡುವೆ ಇಡೀ ಕರ್ನಾಟಕ ಮಲಗಿದೆ. ಆದರೂ ನಮ್ಮಿಬ್ಬರನ್ನೂ ಬೇರೆ ಬೇರೆ ರಾಜ್ಯಗಳಿಗೆ ಬರೆದುಕೊಟ್ಟ ಕಾಗದ ಮಾತ್ರ ಒಂದೇ. 1956ರ ಆಗಸ್ಟ್ 31ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ಕಾಯಿದೆಯ ಇನ್ನೊಂದು ಕಲಮಿನಲ್ಲಿ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆಗಳು ಆಗಲೇ ಮಹಬೂಬನಗರ ಜಿಲ್ಲೆಯಲ್ಲಿದ್ದುದರಿಂದ ಅದರ ಬೆನ್ನಿಗೆ ಹೋದವು. ಜಾರಿಗೆ ಬಂದ ದಿನವೂ ಒಂದೇ, ನವೆಂಬರ್ 1.

ನಾನು ಗಡಿಯ ರಾಜಕೀಯ ಬರೆಯಲು ಕುಳಿತವನಲ್ಲ. ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ದಿನವೂ ಕಣ್ಣಿಗೆ ಬೀಳುವುದು ರುಜು, ಮೊಹರು, ಮಸಿ. ಆ ಮಸಿಯಲ್ಲೊಂದು ಬಣ್ಣದ ಕಥೆಯನ್ನು ಹೇಳುತ್ತೇನೆ. ಅದು ನಮ್ಮ ಮನೆಯ ಕಥೆಯೂ ಹೌದು.

ನನ್ನ ತಂದೆಯವರು ಮಕ್ತಲ್ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಕಲಿಯಲು ಶುರುಮಾಡಿದ್ದು ಮಾತ್ರ ತಾಯಿಯ ತವರಾದ ಗದ್ವಾಲದಲ್ಲಿ, 1950ರ ಆಚೀಚೆ. ಅಂದರೆ ಗದ್ವಾಲವಿನ್ನೂ ರಾಯಚೂರು ಜಿಲ್ಲೆಯಾಗಿದ್ದಾಗ. ಅವರು 2016ರಲ್ಲಿ ತೀರಿಕೊಂಡ ಮೇಲೆ ತಾಯಿಗೆ ಕುಟುಂಬ ಪಿಂಚಣಿ ಆಗಬೇಕಿತ್ತು. ಸೇವಾ ಪುಸ್ತಕದಲ್ಲಿ ತಂದೆಯ ಹುಟ್ಟಿದ ವರ್ಷ ಒಂದು, ಪಿಂಚಣಿ ಆದೇಶದಲ್ಲಿ ಇನ್ನೊಂದು. ಕೊನೆಯ ಅಂಕಿಯಲ್ಲಿ ವ್ಯತ್ಯಾಸ. ಶಾಲೆಯ ಸರ್ಟಿಫಿಕೇಟ್ ತನ್ನಿ ಎಂದರು. ಮೂಲ ಪ್ರತಿಯನ್ನು ತಂದೆ ನೌಕರಿಗೆ ಸೇರುವಾಗ ಕೊಟ್ಟದ್ದು, ಹಿಂದೆ ಬಂದಿರಲಿಲ್ಲ. ಮನೆಯಲ್ಲಿದ್ದದ್ದು 1972ರಲ್ಲಿ ಟೈಪ್ ಮಾಡಿಸಿ, ಗೆಜೆಟೆಡ್ ಅಧಿಕಾರಿಯೊಬ್ಬರಿಂದ ದೃಢೀಕರಿಸಿದ ನಕಲು. ಅದನ್ನು ತಂದೆಯವರು ತಮ್ಮ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ಒಂದು ಕಡೆ ತಿರುಪತಿ ವೆಂಕಟರಮಣ, ಒಂದು ಕಡೆ ರೈಲ್ವೆ ವೇಳಾಪಟ್ಟಿ, ನಡುವೆ ಈ ನಕಲು. ಹಸಿರು ಮಸಿಯ ರುಜು ಇರುವ ಕಾಗದ ಮನೆಯಲ್ಲಿದೆ ಎಂಬುದು ಆ ಕಾಲದ ಮೇಷ್ಟ್ರಿಗೆ ಸಣ್ಣ ಹೆಮ್ಮೆಯೇನಲ್ಲ.

ಗಾಜು ಸರಿಸಿ ತೆಗೆದು ನೋಡಿದರೆ, ಟೈಪಿನ ಅಕ್ಷರ ಇನ್ನೂ ಕಪ್ಪಾಗಿಯೇ ಇದೆ. ಮೊಹರು ನೇರಳೆಯಾಗಿ ಹರಡಿದ್ದರೂ ಓದಲು ಬರುತ್ತದೆ. ರುಜು ಇದ್ದ ಜಾಗದಲ್ಲಿ ಮಾತ್ರ ಅರಿಶಿನದ ನೀರು ಚೆಲ್ಲಿದಂತೆ ಒಂದು ಎಳೆ. ಕಚೇರಿಯವರು ಅದನ್ನು ದೀಪಕ್ಕೆ ಹಿಡಿದು ನೋಡಿ, "ಸಂತಕಮು ಲೇದು ಸಾರ್" ಎಂದು ವಾಪಸು ಕೊಟ್ಟರು. ರುಜುವೇ ಇಲ್ಲದ ದೃಢೀಕರಣ! ಅವರದು ತಪ್ಪೆನ್ನಲಾರೆ. ಅವರ ಕುರ್ಚಿಯಲ್ಲಿ ನಾನು ಕುಳಿತಿದ್ದರೂ ಅದನ್ನೇ ಹೇಳುತ್ತಿದ್ದೆ.

ಅಧಿಕಾರದ ಗುರುತೆಂದು ಊರಿಗೆ ಊರೇ ತಲೆಬಾಗಿದ ಮಸಿ 45 ವರ್ಷ ತಾಳದೆ ಹೋಯಿತಲ್ಲ, ಇದೇನು ಎಂದು ನೋಡಬೇಕೆನಿಸಿತು. ಹೈದರಾಬಾದಿನ ಅಬಿಡ್ಸ್‌ನಲ್ಲಿ 1928ರಿಂದ ನಡೆಯುತ್ತಿರುವ ಡೆಕ್ಕನ್ ಪೆನ್ ಸ್ಟೋರ್ಸ್ ಎಂಬ ಅಂಗಡಿಯಿದೆ. ಪೆನ್ನಿನ ಹುಚ್ಚಿನವರಿಗೆ ಅದು ಯಾತ್ರಾಸ್ಥಳ. ನಾನು ಅಲ್ಲಿಯವರೆಗೆ ಹೋಗಲಿಲ್ಲ, ಹತ್ತಿರದ ಪೇಟೆಯಲ್ಲೇ ಕೇಳಿದೆ. ಕೇಳುವಾಗಲೇ ಒಂದು ತಮಾಷೆ ನಡೆಯಿತು. ನಮ್ಮ ಮನೆಯ ರೂಢಿಯಂತೆ "ಪಚ್ಚ ಸಿರಾ" ಅಂದೆ. ಅಂಗಡಿಯವನು ತಲೆ ಕೆರೆದುಕೊಂಡು, ಹಳದಿ ಮಸಿಯಿಂದ ಯಾರು ಬರೆಯುತ್ತಾರೆ ಎಂದು ಕೇಳಿದ. ಮಲಯಾಳದಲ್ಲಿ ಪಚ್ಚ ಎಂದರೆ ಹಸಿರು, ಕನ್ನಡದಲ್ಲೂ ಪಚ್ಚೆ ಎಂದರೆ ಹಸಿರೇ. ತೆಲುಗಿನಲ್ಲಿ ಬರೀ ಪಚ್ಚ ಎಂದರೆ ಹಳದಿ. ಹಸಿರು ಬೇಕಿದ್ದರೆ ಆಕುಪಚ್ಚ, ಎಲೆಯ ಪಚ್ಚ, ಎನ್ನಬೇಕು. ಮೂರೂ ಅಕ್ಕತಂಗಿಯರ ಭಾಷೆಗಳೇ, ಬಣ್ಣದಲ್ಲಿ ಮಾತ್ರ ಜಗಳ. ತಂದೆಯ ಕಾಗದದ ಮೇಲೆ ಆದದ್ದೂ ಅದೇ ಎಂದು ಆಮೇಲೆ ಹೊಳೆಯಿತು. ಕನ್ನಡದ ಪಚ್ಚೆಯಲ್ಲಿ ಹಾಕಿದ ರುಜು ತೆಲುಗಿನ ಪಚ್ಚವಾಗಿತ್ತು.

ಹೆಸರಿನ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಶಾಯಿ ಎಂಬ ನಮ್ಮ ಶಬ್ದ ಫಾರಸಿಯ ಸಿಯಾಹಿಯಿಂದ ಬಂದದ್ದು; ಸಿಯಾಹ್ ಎಂದರೆ ಕಪ್ಪು. ಮಸಿ ಎಂದರೂ ಪಾತ್ರೆಯ ತಳದ ಕರಿಯೇ. ಆದ್ದರಿಂದ ಹಸಿರು ಶಾಯಿ ಎಂದರೂ ಹಸಿರು ಮಸಿ ಎಂದರೂ ಅದು ಹಸಿರು ಕಪ್ಪು ಎಂದಂತೆ. ನಮ್ಮ ಹಿರಿಯರಿಗೆ ಬರವಣಿಗೆ ಎಂದರೆ ಒಂದೇ ಬಣ್ಣ. ಹುಣಸೆಬೀಜದ ಅಂಟಿಗೆ ಇದ್ದಲಿನ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತ ಎಂದು ಹೆಸರು. ಅಲ್ಲಿ ಹಾಳೆಯೇ ಕಪ್ಪು, ಅಕ್ಷರ ಬಿಳಿ. ಇಂದು ಸರಕಾರಿ ಕಚೇರಿಯ ಫೈಲಿಗೆ ಕಡತ ಎನ್ನುವಾಗ ಆ ಬಟ್ಟೆಯ ನೆನಪು ಯಾರಿಗಿದೆ?

ಹಸಿರು ನಮ್ಮ ನಾಡಿನ ಕಾಗದಕ್ಕೆ ಮೊದಲು ಬಂದದ್ದು ಬರೆಯಲಿಕ್ಕಲ್ಲ, ಅಂಚು ಕಟ್ಟಲಿಕ್ಕೆ. ಮೊಗಲರ ಹಾಗೂ ದಖ್ಖನಿ ಸುಲ್ತಾನರ ಕಾಲದ ಫಾರಸಿ ಹಸ್ತಪ್ರತಿಗಳಲ್ಲಿ ಪುಟದ ಸುತ್ತ ಹಸಿರು ಗೆರೆ ಎಳೆಯುತ್ತಿದ್ದರು. ಅದಕ್ಕೆ ಬಳಸಿದ್ದು ಜಂಗಾರ್, ಎಂದರೆ ತಾಮ್ರದ ಕಿಲುಬು. ತಾಮ್ರದ ತಗಡಿಗೆ ಹುಳಿ ತಾಗಿಸಿ ಹೆರೆದ ಬಣ್ಣ. ನೋಡಲು ಗಿಳಿಯಂತೆ, ಗುಣದಲ್ಲಿ ಗೆದ್ದಲಿನಂತೆ. ಕಾಲಾಂತರದಲ್ಲಿ ಆ ಗೆರೆ ಕಂದಾಗಿ ಕಾಗದವನ್ನೇ ತಿಂದು, ನಡುವಿನ ಬರಹ ಕಿಟಕಿಯ ಗಾಜು ಕಳಚಿ ಬಿದ್ದಂತೆ ಬೇರ್ಪಟ್ಟ ಪುಟಗಳು ಗ್ರಂಥಾಲಯಗಳಲ್ಲಿವೆ. ಈ ಕೇಡು ಹಳೆಯ ಕುಶಲಿಗಳಿಗೂ ಗೊತ್ತಿತ್ತು. ಜಂಗಾರಿಗೆ ಕೇಸರಿ ಬೆರೆಸುವ ಉಪಾಯವನ್ನು ಅವರು ಹೇಳಿದ್ದಾರೆ, ಇಂದಿನ ಸಂರಕ್ಷಣಾ ತಜ್ಞರು ಪರೀಕ್ಷಿಸಿ ಅದರಲ್ಲಿ ಹುರುಳಿದೆ ಎಂದಿದ್ದಾರೆ.

ಫೌಂಟನ್ ಪೆನ್ನಿನ ಹಸಿರು ಬೇರೆ ಜಾತಿ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಇಂಗ್ಲಿಷ್ ತರುಣ ಕಲ್ಲಿದ್ದಲ ಡಾಂಬರಿನಿಂದ ಬಣ್ಣ ತೆಗೆದ ಮೇಲೆ ಯೂರೋಪಿನಲ್ಲಿ ಬಣ್ಣಗಳ ಸುಗ್ಗಿಯಾಯಿತು. 1877ರಲ್ಲಿ ಜರ್ಮನಿಯ ಆಟೋ ಫಿಶರ್ ಮಲಾಕೈಟ್ ಹಸಿರನ್ನು ಮಾಡಿದ. ಹೆಸರಿನಲ್ಲಿ ಮಲಾಕೈಟ್ ಕಲ್ಲಿದೆ, ಒಳಗೆ ಅದರ ಕಣವೂ ಇಲ್ಲ. ಇಂಥ ಬಣ್ಣಗಳು ಅಗ್ಗ, ಪೆನ್ನಿನೊಳಗೆ ಗಷ್ಟು ಕಟ್ಟುವುದಿಲ್ಲ, ಕಾಗದವನ್ನು ತಿನ್ನುವುದಿಲ್ಲ. ಅವುಗಳ ವೈರಿ ಬಿಸಿಲು. ನಮ್ಮಲ್ಲಿ 1931ರಲ್ಲಿ ಮುಂಬಯಿಯ ದಾಂಡೇಕರರು ಕುದುರೆ ಮಾರ್ಕಿನ ಮಸಿ ಪುಡಿ, ಗುಳಿಗೆಗಳನ್ನು ತಂದರು. ಅದೇ ಮುಂದೆ ಕ್ಯಾಮ್ಲಿನ್ ಆಯಿತು. 1934ರಲ್ಲಿ ಬಂಗಾಳದ ಮೈತ್ರ ಸಹೋದರರು ಸ್ವದೇಶಿ ಮಸಿಯಾಗಿ ಸುಲೇಖಾವನ್ನು ಆರಂಭಿಸಿದರು. ರಾಜಮಹೇಂದ್ರಿಯ ರತ್ನಂ ಮಾಡಿದ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದರು. ಹೀಗೆ ಪೆನ್ನೂ ಮಸಿಯೂ ನಮ್ಮದೇ ಆದವು.

ಹಸಿರು ರುಜು ದೊಡ್ಡವರದು ಎಂಬ ಭಾವನೆ ಎಲ್ಲಿಂದ ಬಂತು? ಇಂಗ್ಲೆಂಡಿನ ಗೂಢಚಾರ ಇಲಾಖೆಯ ಮೊದಲ ಮುಖ್ಯಸ್ಥ ಮ್ಯಾನ್ಸ್‌ಫೀಲ್ಡ್ ಕಮಿಂಗ್ 1909ರಲ್ಲಿ ಆ ಹುದ್ದೆಗೆ ಬಂದವನು. ಹಸಿರು ಮಸಿಯಲ್ಲಿ ಒಂದೇ ಅಕ್ಷರದ ರುಜು ಹಾಕುತ್ತಿದ್ದ. ಆತನ ಕುರ್ಚಿಗೆ ಬಂದವರೆಲ್ಲ ಅದನ್ನು ಮುಂದುವರಿಸಿದ್ದಾರೆ. ಚಿಲಿ ದೇಶದ ಕವಿ ನೆರೂಡ ಕವಿತೆಗಳನ್ನು ಹಸಿರಿನಲ್ಲಿ ಬರೆಯುತ್ತಿದ್ದರು, ಆದರೆ ಅದು ಅಧಿಕಾರವಲ್ಲ, ಪ್ರೀತಿ. ನಮ್ಮ ದೇಶದ ನಿಯಮ ಜನ ತಿಳಿದಷ್ಟು ಉದಾರವಲ್ಲ. ಕೇಂದ್ರ ಸಚಿವಾಲಯದ ಕಾರ್ಯವಿಧಾನ ಕೈಪಿಡಿಯ ಪ್ರಕಾರ ಟಿಪ್ಪಣಿಗಳನ್ನು ಬರೆಯಬೇಕಾದದ್ದು ನೀಲಿ ಇಲ್ಲವೆ ಕಪ್ಪಿನಲ್ಲಿ. ಜಂಟಿ ಕಾರ್ಯದರ್ಶಿ ಹಾಗೂ ಮೇಲಿನವರು ಮಾತ್ರ ಅಪರೂಪಕ್ಕೆ ಹಸಿರು ಅಥವಾ ಕೆಂಪನ್ನು ಬಳಸಬಹುದು. ಊರ ಕಡೆ ನಡೆದದ್ದು ಬೇರೆ. ತಹಸೀಲ್ದಾರರು, ವೈದ್ಯಾಧಿಕಾರಿಗಳು, ಗೆಜೆಟೆಡ್ ಹೆಡ್‌ಮಾಸ್ಟರರು, ಎಲ್ಲರ ಜೇಬಿನಲ್ಲೂ ಹಸಿರು ಪೆನ್ನು. ಪರೀಕ್ಷೆಯ ಅರ್ಜಿ, ವಾಸಸ್ಥಳದ ಪತ್ರ, ಮಾತೃಭಾಷೆಯ ಪತ್ರ, ಯಾವುದಕ್ಕಾದರೂ ಆ ಪೆನ್ನಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಗಡಿಯ ಕನ್ನಡದವರು ಉಳಿದವರಿಗಿಂತ ಎರಡು ಸಲ ಹೆಚ್ಚೇ ನಿಲ್ಲಬೇಕು; ನೀವೂ ನಿಂತಿದ್ದೀರಿ, ವಿವರಿಸುವ ಅಗತ್ಯವಿಲ್ಲ. 2014ರಲ್ಲಿ ಕೇಂದ್ರ ಸರಕಾರ ಸ್ವಯಂ ದೃಢೀಕರಣ ಸಾಕೆಂದ ಮೇಲೆ ಆ ಸಾಲು ಕರಗುತ್ತ ಬಂತು. ಹಿಂದಿನ ಕಾಗದಗಳು ಮಾತ್ರ ಹಸಿರಿನಲ್ಲೇ ಇವೆ.

ಇನ್ನು ಪರೀಕ್ಷೆಗೆ ಬರುತ್ತೇನೆ. ತಂದ ಬಾಟಲಿಯ ಮಾರ್ಕನ್ನು ಹೇಳುವುದಿಲ್ಲ, ಅಂಥ ಮಸಿಗಳ ಸ್ವಭಾವ ಬಹುಮಟ್ಟಿಗೆ ಒಂದೇ. ಬಣ್ಣ ಮಾತ್ರ ಬಹಳ ಚೆಂದ, ಆಷಾಢದ ಗದ್ದೆಯಂಥ ಎಳೆ ಹಸಿರು. ಹಳೆಯ ಡ್ರಾಪರ್ ಪೆನ್ನಿಗೆ ತುಂಬಿ, ಒಂದೇ ಲೆಡ್ಜರ್ ಹಾಳೆಯನ್ನು ಹರಿದು ನಾಲ್ಕು ತುಂಡು ಮಾಡಿ, ನಾಲ್ಕರಲ್ಲೂ ತಂದೆಯ ಹೆಸರು ಬರೆದೆ. ಪಕ್ಕದಲ್ಲಿ ಹಳೆಯ ಬಗೆಯ ಬ್ಲೂ ಬ್ಲ್ಯಾಕ್ ಮಸಿಯಲ್ಲಿ ಅದೇ ಹೆಸರು. ಇದು 2018ರ ಏಪ್ರಿಲ್ ಮೊದಲ ವಾರ. ಒಂದು ತುಂಡನ್ನು ನಾರಾಯಣಪೇಟೆಯ ಬಾಡಿಗೆ ಮನೆಯಲ್ಲಿ ಪಡುವಣ ಕಿಟಕಿಯ ಗಾಜಿಗೆ ಅಂಟಿಸಿದೆ. ಇನ್ನೊಂದನ್ನು ಮಕ್ತಲಿನಲ್ಲಿ ತಂದೆಯ ಕಬ್ಬಿಣದ ಟ್ರಂಕಿನೊಳಗೆ ಹಾಕಿದೆ. ಮೂರನೆಯದನ್ನು ಮರುದಿನ ನೀರಿನ ತಟ್ಟೆಯಲ್ಲಿ ಕಾಲು ಗಂಟೆ ಮುಳುಗಿಸಿದೆ.

ಮೂರನೆಯದರ ಕಥೆ ಬೇಗ ಮುಗಿಯಿತು. ನೀರು ಹಸಿರಾಯಿತು, ಕಾಗದ ಬಿಳಿಯಾಯಿತು. ಬ್ಲೂ ಬ್ಲ್ಯಾಕಿನ ಹೆಸರು ಸ್ವಲ್ಪ ನೀಲಿ ಬಿಟ್ಟು ಬೂದುಗಪ್ಪಾಗಿ ನಿಂತಿತು. ನೆರೆಮನೆಯ ನೇಕಾರರು ಅದನ್ನು ನೋಡಿ ನಕ್ಕರು. ನಾರಾಯಣಪೇಟೆ ಸೀರೆಯ ನೂಲಿಗೆ ಬಣ್ಣ ಕಟ್ಟಿದ ಮೇಲೆ ಅವರು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡುತ್ತಾರೆ. ಬಟ್ಟೆಗೆ ಬಣ್ಣ ಹತ್ತಿದರೆ ಆ ಲಡಿ ಮಗ್ಗಕ್ಕೆ ಏರುವುದಿಲ್ಲ. "ನಮ್ಮ ಸೀರಿಗಿ ಇರೂ ಪರೀಕ್ಷಾ ನಿಮ್ಮ ಸರಕಾರಿ ಸಹಿಗಿ ಇಲ್ಲೇನ್ರಿ?" ಎಂದರು. ಉತ್ತರ ತೋಚಲಿಲ್ಲ.

ನಾಲ್ಕನೆಯ ತುಂಡನ್ನು ಕಿರಿದಾಗಿ ಕತ್ತರಿಸಿದ ಒತ್ತುಕಾಗದದ ಪಟ್ಟಿಗೆ ಜೋಡಿಯಾಗಿ ಇಟ್ಟುಕೊಂಡಿದ್ದೆ. ಆ ಪಟ್ಟಿಯ ಬುಡದಿಂದ ಒಂದು ಬೆರಳು ಮೇಲೆ ಹಸಿರು ಮಸಿಯ ಚುಕ್ಕೆಯಿಟ್ಟು, ತುದಿ ಮಾತ್ರ ನೀರಿಗೆ ತಾಗುವಂತೆ ಲೋಟದಲ್ಲಿ ನಿಲ್ಲಿಸಿದೆ. ಇದು ಹೈಸ್ಕೂಲಿನ ವಿಜ್ಞಾನದ ಪಾಠ, ಮನೆಯಲ್ಲೇ ಮಕ್ಕಳೊಂದಿಗೆ ಮಾಡಿ ನೋಡಬಹುದು. ನೀರು ಏರಿದಂತೆ ಹಸಿರು ಒಡೆಯಿತು. ನೀಲಿ ಮುಂದೆ ಓಡಿತು, ಹಳದಿ ಹಿಂದೆ ಉಳಿಯಿತು. ಬಾಟಲಿಯಲ್ಲಿ ಹಸಿರೆಂಬುದು ಇರಲೇ ಇಲ್ಲ, ಇದ್ದದ್ದು ಎರಡು ಬಣ್ಣಗಳ ಸಂಸಾರ.

ಕಿಟಕಿಯ ಹಾಳೆ ಇಪ್ಪತ್ತು ದಿನಕ್ಕೆ ತೆಳುವಾಯಿತು. ಮೇ ತಿಂಗಳ ಬಿಸಿಲು ನಮ್ಮ ಕಡೆ ಹೇಗಿರುತ್ತದೆಂದು ಕರಾವಳಿಯವರಿಗೆ ಹೇಳಿದರೂ ನಂಬುವುದಿಲ್ಲ. ಜೂನ್ ಮೊದಲ ಮಳೆಯ ಹೊತ್ತಿಗೆ ತೆಗೆದಾಗ ತಂದೆಯ ಹೆಸರು ತಿಳಿ ಹಳದಿಯಾಗಿ, ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಸಂಸಾರದಲ್ಲಿ ನೀಲಿ ಮೊದಲು ತೀರಿಹೋಗಿ ಹಳದಿ ಒಂಟಿಯಾಗಿತ್ತು. ಟ್ರಂಕಿನಲ್ಲಿದ್ದ ತುಂಡು ನಿನ್ನೆ ಬರೆದಂತಿತ್ತು. ಅಂದರೆ ತಂದೆಯವರು ಆ ಕಾಗದವನ್ನು ಪ್ರೀತಿಯಿಂದ ಗಾಜಿನಡಿ ಇಟ್ಟದ್ದೇ ಅದಕ್ಕೆ ಮುಳುವಾಯಿತು. ಪೆಟ್ಟಿಗೆಯಲ್ಲಿ ಬಿಸಾಡಿದ್ದರೆ ಉಳಿಯುತ್ತಿತ್ತು.

ಎರಡೂ ಕಡೆ ನಿಂತ ಬ್ಲೂ ಬ್ಲ್ಯಾಕಿನ ಗುಟ್ಟು ಕಬ್ಬಿಣ. ಅನ್ನಭೇದಿ ಮತ್ತು ಅಳಲೆಕಾಯಿಯಂಥ ಒಗರಿನ ಕಾಯಿ ಸೇರಿದರೆ ಆಗುವ ಮಸಿ ಅದು. ಬರೆದಾಗ ಮಂಕು, ಗಾಳಿ ತಾಗಿದಂತೆ ಕಪ್ಪಾಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಅನ್ನಭೇದಿಯ ಹರಳನ್ನು ನೋಡಿದವರಿಗೆ ಗೊತ್ತು, ಅದರ ಬಣ್ಣ ತಿಳಿ ಹಸಿರು! ಇಂಗ್ಲೆಂಡಿನಲ್ಲಿ ಜನನ, ವಿವಾಹದ ರಿಜಿಸ್ಟರುಗಳನ್ನು ಈ ಜಾತಿಯ ಮಸಿಯಲ್ಲೇ ಬರೆಯುವ ಪದ್ಧತಿಯಿತ್ತು, ಅದಕ್ಕೆ ರಿಜಿಸ್ಟ್ರಾರರ ಮಸಿ ಎಂದೇ ಹೆಸರು. ದೋಷವೂ ಇದೆ. ಹುಳಿ ಹೆಚ್ಚಾದರೆ ಇದೂ ಕಾಗದವನ್ನು ತಿನ್ನುತ್ತದೆ, ತೊಳೆಯದೆ ಬಿಟ್ಟರೆ ಉಕ್ಕಿನ ನಿಬ್ಬನ್ನು ಕೆಡಿಸುತ್ತದೆ. ಈಗಿನ ಬಾಟಲಿಗಳ ಮೇಲೆ ಬ್ಲೂ ಬ್ಲ್ಯಾಕ್ ಎಂದಿದ್ದ ಮಾತ್ರಕ್ಕೆ ಒಳಗೆ ಕಬ್ಬಿಣ ಇರುತ್ತದೆಂದೂ ಇಲ್ಲ. ಅನೇಕದರಲ್ಲಿ ಇರುವುದು ಬರೀ ಬಣ್ಣವೇ.

ಬ್ಯಾಂಕಿನಲ್ಲಿ ಇನ್ನೆರಡು ಪರೀಕ್ಷೆ ತಾವಾಗಿಯೇ ಆದವು. ಖೋಟಾ ನೋಟು ನೋಡುವ ಅತಿನೇರಳೆ ದೀಪದ ಕೆಳಗೆ ಈ ಹಸಿರನ್ನು ಹಿಡಿದರೆ ಮಿಂಚುಹುಳದಂತೆ ಹೊಳೆಯಿತು. ಹೈಲೈಟರ್ ಪೆನ್ನುಗಳಲ್ಲಿರುವಂಥ ಹೊಳೆಯುವ ಬಣ್ಣ ಕೆಲವು ಮಸಿಗಳಲ್ಲಿ ಸೇರಿರುತ್ತದೆ, ಅಂಗಡಿಯಲ್ಲಿ ನಮ್ಮ ಕಣ್ಣು ಸೆಳೆದದ್ದು ಅದೇ. ಇನ್ನೊಂದು ಚೆಕ್ಕಿನದು. ಮೊದಲು ಚೆಕ್ಕು ಊರಿಂದೂರಿಗೆ ಕಾಗದವಾಗಿಯೇ ಹೋಗುತ್ತಿತ್ತು. 2008ರಲ್ಲಿ ದೆಹಲಿಯಲ್ಲಿ ಶುರುವಾದ ಹೊಸ ವ್ಯವಸ್ಥೆಯಲ್ಲಿ ಅದರ ಚಿತ್ರ ಮಾತ್ರ ಹೋಗುತ್ತದೆ. 2021ರ ಹೊತ್ತಿಗೆ ಎಲ್ಲ ಶಾಖೆಗಳೂ ಅದಕ್ಕೆ ಸೇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಬಣ್ಣದ ಚಿತ್ರವನ್ನು ಬೂದು ಬಣ್ಣಕ್ಕೆ ಇಳಿಸುವಾಗ ಯಂತ್ರಗಳು ಸಾಮಾನ್ಯವಾಗಿ ಬಳಸುವ ಲೆಕ್ಕವೊಂದಿದೆ: ನೂರರಲ್ಲಿ ಕೆಂಪಿಗೆ 30, ಹಸಿರಿಗೆ 59, ನೀಲಿಗೆ 11 ಪಾಲು ಬೆಳಕು. ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳಗುವುದರಿಂದ ಈ ಲೆಕ್ಕ. ಪರಿಣಾಮವೇನೆಂದರೆ, ಕಡು ನೀಲಿ ಯಂತ್ರಕ್ಕೆ ಕಪ್ಪಾಗಿ ಕಾಣುತ್ತದೆ, ಎಳೆ ಹಸಿರು ಕಾಗದದ ಬಿಳುಪಿನಲ್ಲಿ ಕರಗುತ್ತದೆ. 2022ರಲ್ಲಿ ನಿವೃತ್ತ ಅಧ್ಯಾಪಕರೊಬ್ಬರ ಚೆಕ್ಕು ಹೀಗೆಯೇ ಮರಳಿತು. ಕಾಗದದ ಮೇಲೆ ಮುದ್ದಾದ ಕನ್ನಡ ರುಜು, ಚಿತ್ರದಲ್ಲಿ ಮೂರು ಚುಕ್ಕೆ. ತಮ್ಮ ಕನ್ನಡ ರುಜುವನ್ನು ಒಪ್ಪಲಿಲ್ಲವೆಂದು ಅವರಿಗೆ ಬಹಳ ನೋವಾಗಿತ್ತು. ಭಾಷೆಯ ದೋಷವಲ್ಲ, ಮಸಿಯದು ಎಂದು ಪರದೆಯ ಮೇಲೆ ತೋರಿಸಿದ ಮೇಲೆಯೇ ಸಮಾಧಾನ. ಯಾವ ಭಾಷೆಯಲ್ಲಾದರೂ ರುಜು ಹಾಕಬಹುದು, ಮಾದರಿಗೆ ಹೊಂದಿದರಾಯಿತು. ಮಸಿಗೆ ಇಂಥದೇ ಬಣ್ಣವೆಂದು ರಿಸರ್ವ್ ಬ್ಯಾಂಕ್ ವಿಧಿಸಿಲ್ಲ. ಕಪ್ಪು ಮಸಿ ನಿಷೇಧವೆಂದು 2025ರ ಜನವರಿಯಲ್ಲಿ ಹರಡಿದ ಸುದ್ದಿ ಸುಳ್ಳೆಂದು ಸರಕಾರವೇ ಹೇಳಿತು. ಚಿತ್ರದಲ್ಲಿ ಚೆನ್ನಾಗಿ ಮೂಡುವ ಕಡು ಬಣ್ಣ ಇರಲಿ ಎಂಬುದಷ್ಟೇ ಅದರ ಸಲಹೆ.

ತಾಯಿಯ ಪಿಂಚಣಿ ಏನಾಯಿತೆಂದು ಕೇಳುವಿರಿ. 2018ರ ಜುಲೈಯಲ್ಲಿ ಜೂರಾಲ ಅಣೆಕಟ್ಟಿನ ದಾರಿಯಾಗಿ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದೆ. ಅದು ಎರಡು ವರ್ಷದ ಹಿಂದೆ, 2016ರಲ್ಲಿ, ಜೋಗುಳಾಂಬಾ ಗದ್ವಾಲ ಎಂಬ ಜಿಲ್ಲೆಯಾಗಿತ್ತು. ತಂದೆ ಓದಿದ ಶಾಲೆಯವರು ಎರಡು ದಿನ ಅಲೆಸಿದರೂ ಮೂರನೆಯ ದಿನ ಹಳೆಯ ದಾಖಲಾತಿ ಪುಸ್ತಕವನ್ನು ಅಟ್ಟದಿಂದ ಇಳಿಸಿದರು. ರಟ್ಟು ಇಲಿ ತಿಂದದ್ದು, ಅಂಚಿಗೆ ನೀರು ಕುಡಿದ ಕಲೆ. ಒಳಗಿನ ಬರಹ ಮಾತ್ರ ಬ್ಲೂ ಬ್ಲ್ಯಾಕಿನಲ್ಲಿ ಕರ್ರಗೆ ನಿಂತಿದೆ. ಹಾಳೆಯ ತಲೆಯಲ್ಲಿ ಜಿಲ್ಲೆ ರಾಯಚೂರು. ಬರೆದದ್ದು ಉರ್ದುವಿನಲ್ಲಿ, ಅಲ್ಲಿದ್ದವರಲ್ಲಿ ಯಾರಿಗೂ ಓದಲು ಬರುವುದಿಲ್ಲ. ಪಕ್ಕದ ಬೀದಿಯಿಂದ ಒಬ್ಬ ಮುದುಕ ಸಾಹೇಬರನ್ನು ಕರೆತಂದೆವು. ಅವರು ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಓದಿದರು: ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು. ಸೇವಾ ಪುಸ್ತಕದಲ್ಲಿದ್ದ ವರ್ಷವೇ ಸರಿ. ಮುಂದಿನ ಅಂಕಣಕ್ಕೆ ಬೆರಳು ಸರಿಸಿ, ಮಾತೃಭಾಷೆ ಎಂದು ಓದಿ, ತಲೆಯೆತ್ತಿ ನನ್ನನ್ನು ನೋಡಿ, "ಕನ್ನಡ" ಎಂದರು.

ಆ ಅಂಕಣ ನಮ್ಮ ಕೆಲಸಕ್ಕೆ ಬೇಕಿರಲಿಲ್ಲ. ಆದರೂ ಅದನ್ನೂ ಸೇರಿಸಿ ಬರೆದುಕೊಡಿ ಎಂದು ಕೇಳಿಕೊಂಡೆ. ಹೆಡ್‌ಮಾಸ್ಟರರು ಪ್ರತಿ ತಯಾರಿಸಿ ರುಜುವಿಗಾಗಿ ಜೇಬಿನಿಂದ ಪೆನ್ನು ತೆಗೆದರು. ಹಸಿರು! ನಾನು ತಡವರಿಸುತ್ತ ನನ್ನ ಪೆನ್ನನ್ನು ಮುಂದೆ ಹಿಡಿದು, ಕಿಟಕಿಯ ಹಾಳೆಯ ಕಥೆಯನ್ನು ಹೇಳಿದೆ. ಅವರು ಕೇಳಿ ನಕ್ಕು, ತಮ್ಮ ಪೆನ್ನಿಗೆ ಟೊಪ್ಪಿ ಹಾಕಿ, ನನ್ನದರಲ್ಲೇ ರುಜು ಹಾಕಿಕೊಟ್ಟರು. ಮೊಹರು ಮಾತ್ರ ಮತ್ತೆ ಅದೇ ನೇರಳೆ.

ಪಿಂಚಣಿ ನವೆಂಬರಿನಲ್ಲಿ ಮಂಜೂರಾಯಿತು. ಬಾಟಲಿಯಲ್ಲಿ ಅರ್ಧ ಹಸಿರು ಇನ್ನೂ ಉಳಿದಿದೆ. ಮಗಳು ಚಿತ್ರಪುಸ್ತಕದಲ್ಲಿ ಎಲೆಗಳಿಗೆ ಬಳಿಯುತ್ತಾಳೆ. ಆ ಪುಸ್ತಕವನ್ನು ಟ್ರಂಕಿನಲ್ಲಿಡಲು ಹೇಳಿದ್ದೇನೆ.